ಆಪ್ತನ ಮಾತು, ಸಂಶಯದ ಎಲ್ಲೆ

ತಾನೇ ಕಾಣದ, ಊಹೆಯಿಂದಲೂ ತಲುಪಲಾಗದ ಸಂಗತಿಗಳನ್ನು ಮನುಷ್ಯ ಇತರರ ಮಾತಿನಿಂದಲೇ ತಿಳಿಯಬೇಕು. ಇಂಥ ಮಾತನ್ನು ನ್ಯಾಯದರ್ಶನವು ‘ಶಬ್ದಪ್ರಮಾಣ’ವೆಂದು, ಅಂದರೆ ತಿಳಿವಳಿಕೆಯ ಸ್ವತಂತ್ರ ಸಾಧನವೆಂದು ಒಪ್ಪಿದರೂ, ಅದು ‘ಆಪ್ತ’ನ ಮಾತಾಗಿರಬೇಕೆಂದು ವಿಧಿಸಿತು. ವಿಷಯವನ್ನು ನೇರವಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸಬಯಸುವವನು ಆಪ್ತನೆಂದು ವಿವರಿಸಿದ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನು, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದ. ಪದವಿಗಾಗಲಿ ಸಂಸ್ಥೆಗಾಗಲಿ ಅಲ್ಲಿ ರಿಯಾಯಿತಿಯಿಲ್ಲ.

2001ರ ಸೆಪ್ಟೆಂಬರ್ 11ರಂದು ಅಲ್ ಖೈದಾದ 19 ಮಂದಿ ನಾಲ್ಕು ವಿಮಾನಗಳನ್ನು ಅಪಹರಿಸಿ ಅಮೆರಿಕದಲ್ಲಿ 2,977 ಜನರನ್ನು ಕೊಂದ ದಾಳಿಯ ಸುತ್ತ ಬೆಳೆದ ವಾದಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಮಿನಿಯಾಪೊಲಿಸ್‌ನ ಎಫ್‌ಬಿಐ ಕಚೇರಿಯ ಕಾಲೀನ್ ರೌಲಿ 2002ರ ಮೇ ತಿಂಗಳಲ್ಲಿ ತಮ್ಮ ನಿರ್ದೇಶಕರಿಗೆ ಪತ್ರ ಬರೆದು, ದಾಳಿಗೆ ಮುನ್ನ ಆಗಸ್ಟ್‌ನಲ್ಲೇ ಬಂಧಿತನಾಗಿದ್ದ ಅಲ್ ಖೈದಾದ ಜಕಾರಿಯಾಸ್ ಮೌಸಾವಿಯ ಲ್ಯಾಪ್‌ಟಾಪ್ ಶೋಧನೆಗೆ ಕೇಂದ್ರ ಕಚೇರಿಯೇ ಅಡ್ಡಿಯಾಯಿತೆಂದು ದೂರಿದರು. ತಾವು ದುಡಿಯುವ ಸಂಸ್ಥೆಯ ತಪ್ಪನ್ನು ಹೀಗೆ ಬಯಲಿಗೆಳೆಯುವವರನ್ನು ವಿಷಲ್‌ಬ್ಲೋವರ್ ಎನ್ನುತ್ತಾರೆ. ಎಫ್‌ಬಿಐನದೇ ಅನುವಾದ ವಿಭಾಗದ ಲೋಪಗಳನ್ನು ಎತ್ತಿ ತೋರಿಸಿ 2002ರಲ್ಲಿ ಕೆಲಸ ಕಳೆದುಕೊಂಡ ಸಿಬೆಲ್ ಎಡ್ಮಂಡ್ಸ್ ಅವರ ಮೊಕದ್ದಮೆಯನ್ನು ಸರ್ಕಾರ ರಾಜ್ಯರಹಸ್ಯದ ಹೆಸರಿನಲ್ಲಿ ತಡೆಯಿತಾದರೂ, ಅವರ ಮುಖ್ಯ ಆರೋಪಗಳಲ್ಲಿ ಹಲವಕ್ಕೆ ಆಧಾರವಿದೆಯೆಂದು ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2005ರಲ್ಲಿ ಹೇಳಿದರು. ತಾವು ಕಂಡದ್ದರ ಮಟ್ಟಿಗೆ ಇಬ್ಬರೂ ಆಪ್ತರೇ. ಆದರೆ ಅವರು ಕಂಡದ್ದು ಅಲಕ್ಷ್ಯ, ಮುಚ್ಚುಮರೆ. ವಿಮಾನಗಳು ಬಡಿದ ನ್ಯೂಯಾರ್ಕ್‌ನ ಅವಳಿ ಗೋಪುರಗಳಲ್ಲಿ ಸರ್ಕಾರವೇ ಸ್ಫೋಟಕವಿಟ್ಟಿತೆಂಬ ಪಿತೂರಿ ಸಿದ್ಧಾಂತಕ್ಕೆ ಇಂಥವರನ್ನು ಸಾಕ್ಷಿಗೆ ಕರೆದರೆ, ಔಷಧದಲ್ಲಿ ಪ್ರಮಾಣವಾದ ವೈದ್ಯನ ಮಾತನ್ನು ಗ್ರಹಣದ ಲೆಕ್ಕಕ್ಕೂ ಒಪ್ಪಿದಂತಾಗುತ್ತದೆ.

ವಿಮಾನ ಬಡಿಯದಿದ್ದರೂ ಆ ಸಂಜೆ ಕುಸಿದ ಅದೇ ಗೋಪುರಗಳ ಸಮುಚ್ಚಯದ 47 ಅಂತಸ್ತಿನ 7ನೇ ಕಟ್ಟಡ ಈ ಸಿದ್ಧಾಂತಕ್ಕೆ ಬಲು ಪ್ರಿಯ. ಗಂಟೆಗಟ್ಟಲೆ ಉರಿದ ಬೆಂಕಿಗೆ ಉಕ್ಕಿನ ತೊಲೆಗಳು ಹಿಗ್ಗಿ, 79ನೇ ಕಂಬ ಆಧಾರ ತಪ್ಪಿ, ಕುಸಿತ ಆರಂಭವಾಯಿತೆಂದು ಅಮೆರಿಕದ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆ 2008ರಲ್ಲಿ ನಿರ್ಣಯಿಸಿತು, ಸುಮಾರು 2.25 ಸೆಕೆಂಡು ಕಟ್ಟಡ ತಡೆಯಿಲ್ಲದೆ ಬಿದ್ದಿತೆಂಬುದನ್ನು ಟೀಕಾಕಾರರ ಆಕ್ಷೇಪದ ಬಳಿಕ ಅಂತಿಮ ವರದಿಯಲ್ಲಿ ಸೇರಿಸಿತು. ಇಂಥ ಆಕ್ಷೇಪವನ್ನು ನೈಯಾಯಿಕರು ‘ವಾದ’ವೆನ್ನುತ್ತಿದ್ದರು, ಎಂದರೆ ಸತ್ಯನಿರ್ಣಯಕ್ಕಾಗಿ ನಡೆಯುವ ಚರ್ಚೆ. ಸ್ಫೋಟಕವನ್ನು ಯಾರು, ಯಾವಾಗ, ಹೇಗೆ ಇಟ್ಟರೆಂದು ಹೇಳದೆ, ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರು ಪಕ್ಷವನ್ನು ಕೆಡವುತ್ತ ಹೋಗುವುದಾದರೋ ‘ವಿತಂಡ’.

ಸಂಶಯದ ಎಲ್ಲೆ ವ್ಯಾಘಾತವೆಂದು 10ನೇ ಶತಮಾನದ ನೈಯಾಯಿಕ ಉದಯನನು ವಾದಿಸಿದ. ಸಂಶಯಿಸುವವನ ನಡವಳಿಕೆಯೇ ಅವನ ಸಂಶಯವನ್ನು ಅಲ್ಲಗಳೆಯುವುದು ವ್ಯಾಘಾತ. ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕುವವನು ಅವುಗಳ ಸಂಬಂಧವನ್ನು ಶಂಕಿಸಲಾರ. ಸರ್ಕಾರದ ದಾಖಲೆಯೆಲ್ಲ ಸುಳ್ಳೆನ್ನುವವನು 2.25 ಸೆಕೆಂಡಿನ ಲೆಕ್ಕವನ್ನು ಮಾತ್ರ ಆ ದಾಖಲೆಯಿಂದಲೇ ಎತ್ತಿಕೊಳ್ಳುತ್ತಾನೆ. ಎದುರಾಳಿಯ ಒಪ್ಪಿಗೆಯನ್ನು ಬಳಸುವುದು ನ್ಯಾಯವೇ. ಅದೇ ವರದಿಯ ಉಳಿದ ಲೆಕ್ಕವನ್ನು ಕಾರಣ ಕೊಡದೆ ತಳ್ಳುವುದು ಮಾತ್ರ ನ್ಯಾಯವಲ್ಲ.

ಹಾಗೆಂದು ಸರ್ಕಾರ ನಿರ್ದೋಷಿಯಲ್ಲ, ಏಕೆಂದರೆ ಗುಟ್ಟು ಮಾಡಿದಷ್ಟೂ ಶಂಕೆ ಬೆಳೆಯುತ್ತದೆ. ಅಮೆರಿಕದ ಕಾಂಗ್ರೆಸ್ಸಿನ ವಿಚಾರಣಾ ವರದಿಯಲ್ಲಿ ಮುಚ್ಚಿಟ್ಟಿದ್ದ 28 ಪುಟಗಳು 2016ರ ಜುಲೈನಲ್ಲಿ ಹೊರಬಂದಾಗ, ಅವುಗಳಲ್ಲಿ ಸ್ಫೋಟಕದ ಮಾತಿರಲಿಲ್ಲ. ಇದ್ದದ್ದು, ಸೌದಿ ಸರ್ಕಾರದೊಡನೆ ನಂಟಿರಬಹುದಾದವರಿಂದ ಕೆಲವು ಅಪಹರಣಕಾರರಿಗೆ ನೆರವು ದೊರಕಿರಬಹುದೆಂಬ, ಪೂರ್ತಿ ಪರಿಶೀಲನೆಯಾಗದ ಮಾಹಿತಿ.