ಮನಸ್ಸಿನ ಕಾಲುದಾರಿ

ನಮ್ಮ ಮಡಿಕೇರಿಯ ಸೀಮೆಯಲ್ಲಿ ಗುಡ್ಡದ ಕಾಲುದಾರಿಯು ಹೇಗೆ ಉಂಟಾಗುತ್ತದೆಂದು ನೀವು ಬಲ್ಲಿರಿ. ಯಾರೂ ಗುದ್ದಲಿ ಹಿಡಿದು ಅದನ್ನು ಕಡಿಯುವದಿಲ್ಲ. ದಿನದಿನವೂ ಅವೇ ಕಾಲುಗಳು ತುಳಿಯುವದರಿಂದ ಹುಲ್ಲು ಸಾಯುತ್ತದೆ. ಮಳೆಯ ನೀರು ಅದೇ ಜಾಡನ್ನು ಹಿಡಿದು ಹರಿದು ಅದನ್ನು ತೋಡಾಗಿ ಮಾಡುತ್ತದೆ. ಹಳೇ ನೋವಿನ ನೆನಪೂ ಹಾಗೆಯೇ. ನಿಂದಿಸಿದವನು ಒಂದೇ ಸಾರಿ ನಿಂದಿಸಿದನು. ನಾವಾದರೋ ಅದನ್ನು ಸಾವಿರ ಸಾರಿ ಕೇಳುತ್ತೇವೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಒಂದು ಗದ್ದೆಯ ಬದುವಿನ ವಿಷಯವಾಗಿ ದಾಯಾದಿಯಾದ ಅಣ್ಣನೊಬ್ಬನು ಹತ್ತು ಜನರ ಮುಂದೆ ನನ್ನನ್ನು ಕಳ್ಳನೆಂದು ಕರೆದನು. ತರುವಾಯ 2018ನೇ ಇಸವಿಯ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಹಾಳಾದವಷ್ಟೆ. ಆ ದಿವಸಗಳಲ್ಲಿ ನಮ್ಮ ಗದ್ದೆಯ ಮೇಲೆಯೂ ಮಣ್ಣು ಬಿದ್ದು ಆ ಬದುವಿನ ಗುರುತೇ ಇಲ್ಲದೆ ಹೋಯಿತು. ಆದರೆ ನನ್ನ ಮನಸ್ಸಿನೊಳಗಣ ಬದುವು ಒಂದು ಬೆರಳಷ್ಟೂ ಕದಲಲಿಲ್ಲ. ನನ್ನನ್ನು ಬಾಧಿಸುತ್ತಿದ್ದದ್ದು ಭೂಮಿಯಲ್ಲ, ನನ್ನ ಯೋಚನೆಯ ವಾಡಿಕೆಯೇ ಎಂದು ಆಗ ತಿಳಿದೆನು.

ಆ ಯೋಚನೆಯನ್ನು ಬಲವಂತದಿಂದ ಓಡಿಸಿ ನೋಡಿದೆನು. ಅದು ಇಮ್ಮಡಿಯಾಗಿ ತಿರಿಗಿ ಬಂತು. ಇದು ನನ್ನೊಬ್ಬನ ಅವಸ್ಥೆಯಲ್ಲ. ಅಮೇರಿಕ ದೇಶದ ಡೇನಿಯಲ್ ವೆಗ್ನರ್ ಎಂಬ ಪಂಡಿತನೂ ಅವನ ಸಂಗಡಿಗರೂ 1987ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಬಿಳೀ ಕರಡಿಯನ್ನು ನೆನಸಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳಿದರು. ಅವರು ನೆನಸದೆ ಇರಲಾರದೆ ಹೋದರು. ತರುವಾಯ ಅಪ್ಪಣೆ ದೊರೆತಾಗ ಇನ್ನೂ ಹೆಚ್ಚಾಗಿ ನೆನಸಿದರು. ಆದರೆ ಕರಡಿಗೆ ಬದಲಾಗಿ ಕೆಂಪು ಮೋಟಾರು ಗಾಡಿಯನ್ನು ನೆನಸಿರೆಂದು ಹೇಳಿಸಿಕೊಂಡವರಲ್ಲಿ ಆ ಹೆಚ್ಚಳವು ತಗ್ಗಿತು. ಗುಡಿಸಿ ಬರಿದಾಗಿ ಬಿಟ್ಟ ಮನೆಗೆ ಹಳೇ ಒಕ್ಕಲೇ ತಿರಿಗಿ ಬರುವದು.

ಹಾಗಾದರೆ ಬದಲಾಗಿ ಏನನ್ನು ನೆನಸಬೇಕು? ಸುಳ್ಳು ಸಮಾಧಾನವನ್ನಲ್ಲ, ಅದೇ ಮನುಷ್ಯನ ವಿಷಯವಾದ ಮತ್ತೊಂದು ಸತ್ಯವನ್ನು. ನನ್ನ ಮಗಳಿಗೆ ಜ್ವರವೇರಿದ ಒಂದು ರಾತ್ರಿ ಆ ಅಣ್ಣನೇ ಮಳೆಯಲ್ಲಿ ಆಕೆಯನ್ನು ಹೊತ್ತು ರಸ್ತೆಯ ತನಕ ನಡೆದಿದ್ದನು. ಅವನ ಬೇಲಿಯ ಬಳಿ ಹಳೇ ಮಾತು ಕಿವಿಯಲ್ಲಿ ಕೇಳಿಸಿದಾಗಲೆಲ್ಲಾ ಆ ರಾತ್ರಿಯನ್ನು ನೆನಸತೊಡಗಿದೆನು. ಮೊದಲು ಬಹು ಕಷ್ಟವಾಯಿತು. ಎರಡು ಮಳೆಗಾಲಗಳು ಕಳೆದ ಮೇಲೆ ಒಂದು ದಿನ, ನನಗೇ ತಿಳಿಯದಂತೆ, ನಿಂತು ನಮಸ್ಕಾರ ಹೇಳಿದೆನು. "ಬಾ ತಮ್ಮಾ, ಕಾಪಿ ಕುಡಿದು ಹೋಗು" ಅಂದನು. ತಪ್ಪಾಯಿತೆಂದು ಅವನು ಇಂದಿನ ವರೆಗೂ ಹೇಳಲಿಲ್ಲ.

ಯೋಸೇಫನು ತನ್ನ ಚೊಚ್ಚಲ ಮಗನಿಗೆ ಇಟ್ಟ ಮನಸ್ಸೆ ಎಂಬ ಹೆಸರಿಗೆ ಮರೆಯುವಂತೆ ಮಾಡುವವನು ಎಂದರ್ಥ. ಆದರೂ ಅಣ್ಣಂದಿರನ್ನು ಕಂಡಾಗ ಅವನು ಅತ್ತನು. ಆದದರಿಂದ ಮರೆಯುವದೆಂದರೆ ನೆನಪು ಅಳಿಯುವದಲ್ಲ. ಆ ನೆನಪಿನ ದಾರಿಯಲ್ಲಿ ಹಗೆಯು ನಡೆದಾಡುವದನ್ನು ಬಿಡುವದೇ.

ಆದರೆ ಮನೆಯೊಳಗಣ ಹೊಡೆತವಾಗಲಿ ಕೂಲಿಯ ಮೋಸವಾಗಲಿ ಇಂದಿಗೂ ನಡೆಯುತ್ತಿದ್ದರೆ ಸುಮ್ಮನೆ ಸಹಿಸಿರೆಂದು ನಾನು ಹೇಳುವದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿ ನಿಲ್ಲಿಸತಕ್ಕದ್ದು. ಮುಗಿದು ಹೋದ ನೋವಿನ ಮಾತೇ ಬೇರೆ.

ಪ್ರಿಯರೇ, ಹಳೇ ದಾರಿಯನ್ನು ಅಗೆದು ಮುಚ್ಚಲು ಹೋಗಬೇಡಿರಿ. ಈ ಹೊತ್ತು ಒಂದು ಹೆಜ್ಜೆಯನ್ನು ಬೇರೆ ಕಡೆಗೆ ಇಡಿರಿ, ನಾಳೆ ಮತ್ತೊಂದನ್ನು. ಯಾರೂ ತುಳಿಯದ ದಾರಿಯ ಮೇಲೆ ಹುಲ್ಲು ತಾನೇ ಬೆಳೆಯುವದು.