ಬೇಡ ಎನ್ನಬೇಕಾದವರು ಯಾರು?

ಅಮೆರಿಕದ ಷೇರುಪೇಟೆಯಲ್ಲಿ ಒಂದು ಬಗೆಯ ಕಂಪನಿ ಇದೆ. ಅದಕ್ಕೆ ಕಾರ್ಖಾನೆ ಇಲ್ಲ, ಸರಕಿಲ್ಲ, ಗಿರಾಕಿಗಳಿಲ್ಲ. ‘ಈಗ ಹಣ ಕೊಡಿ, ಸುಮಾರು ಎರಡು ವರ್ಷದೊಳಗೆ ಒಂದು ಒಳ್ಳೆಯ ಕಂಪನಿಯನ್ನು ಹುಡುಕಿ ಅದರೊಂದಿಗೆ ವಿಲೀನವಾಗುತ್ತೇವೆ’ ಎಂಬ ಮಾತೊಂದೇ ಅದರ ವ್ಯಾಪಾರ. ಇದರ ಹೆಸರು ಸ್ಪಾಕ್. ಆಡುಮಾತಿನಲ್ಲಿ ಖಾಲಿ ಚೆಕ್ ಕಂಪನಿ. 1720ರ ಲಂಡನ್ನಿನಲ್ಲಿ ಯಾರೋ ಒಬ್ಬ ‘ಬಹಳ ಲಾಭದ ಉದ್ಯಮ, ಏನೆಂದು ಮಾತ್ರ ಈಗ ಹೇಳಲಾಗದು’ ಎಂದು ಷೇರು ಮಾರಿದನಂತೆ. ಕತೆ ನಿಜವೋ ಕಟ್ಟಿದ್ದೋ, ಜನ ಅದನ್ನು ಹೇಳಿಕೊಂಡು ಇಂದಿಗೂ ನಗುತ್ತಾರೆ. 2021ರ ಒಂದೇ ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಸ್ಪಾಕ್‌ಗಳು ಸೇರಿ ಸುಮಾರು 16,000 ಕೋಟಿ ಡಾಲರ್ ಎತ್ತಿದಾಗ ಯಾರೂ ನಗಲಿಲ್ಲ.

ನಗದಿರಲು ಕಾರಣವೂ ಇತ್ತು. ಇಲ್ಲಿ ಹೂಡಿದ ಹಣ ಟ್ರಸ್ಟ್ ಖಾತೆಯಲ್ಲಿ ಭದ್ರವಾಗಿರುತ್ತದೆ. ಒಂದು ಷೇರಿಗೆ ಸಾಮಾನ್ಯವಾಗಿ 10 ಡಾಲರ್. ಹುಡುಕಿದ ಕಂಪನಿ ಹಿಡಿಸದಿದ್ದರೆ ಹೂಡಿಕೆದಾರ ತನ್ನ 10 ಡಾಲರನ್ನು ಬಡ್ಡಿಸಮೇತ ವಾಪಸು ಪಡೆಯಬಹುದು. ಅವಧಿಯೊಳಗೆ ವಿಲೀನ ಆಗದೇ ಹೋದರೆ ಎಲ್ಲರಿಗೂ ಹಣ ಮರಳುತ್ತದೆ. ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನೇನಿದೆ ಎನಿಸುತ್ತದೆ. ಆದರೆ ಕಂಪನಿಯನ್ನು ಹುಟ್ಟುಹಾಕುವ ಪ್ರಾಯೋಜಕರಿಗೂ ಆ ಕಂಪನಿಗೂ ನಡುವಿನ ಲೆಕ್ಕ ನೋಡಬೇಕು.

ಒಂದು ಕೋಟಿ ಷೇರುಗಳನ್ನು ಮಾರಿ 10 ಕೋಟಿ ಡಾಲರ್ ಎತ್ತಿದ ಸ್ಪಾಕ್ ಒಂದನ್ನು ಕಲ್ಪಿಸಿಕೊಳ್ಳಿ. ರೂಢಿಯಂತೆ ಪ್ರಾಯೋಜಕರಿಗೆ ಒಟ್ಟು ಷೇರುಗಳಲ್ಲಿ ಶೇಕಡಾ 20, ಅಂದರೆ 25 ಲಕ್ಷ ಷೇರು. ಅದಕ್ಕೆ ಅವರು ಕೊಡುವುದು ಸಾಮಾನ್ಯವಾಗಿ 25,000 ಡಾಲರ್. ಷೇರಿಗೆ ಒಂದು ಸೆಂಟ್. ಇದರ ಜೊತೆಗೆ ಆರಂಭದ ಖರ್ಚುಗಳಿಗಾಗಿ ಹತ್ತಾರು ಲಕ್ಷ ಡಾಲರ್‌ಗಳಷ್ಟು ವಾರಂಟ್‌ಗಳನ್ನು ಕೊಳ್ಳುತ್ತಾರೆ. ಈ ಹಣ ಅವರದ್ದೇ, ನಿಜವಾಗಿಯೂ ಅಪಾಯದಲ್ಲಿರುವ ಹಣ. ಅದು 30 ಲಕ್ಷ ಡಾಲರ್ ಎಂದುಕೊಳ್ಳೋಣ. ವಿಲೀನ ನಡೆಯದಿದ್ದರೆ ಅಷ್ಟೂ ಸೊನ್ನೆ, 25 ಲಕ್ಷ ಷೇರುಗಳೂ ಸೊನ್ನೆ. ವಿಲೀನ ನಡೆದು ಷೇರಿನ ಬೆಲೆ ಹತ್ತರಿಂದ ಎರಡು ಡಾಲರಿಗೆ ಕುಸಿದರೆ? ಉಳಿದವರು ಹೂಡಿದ್ದರಲ್ಲಿ ಶೇಕಡಾ 80 ಕಳೆದುಕೊಳ್ಳುತ್ತಾರೆ. ಪ್ರಾಯೋಜಕರ ಕೈಯಲ್ಲಿ ಆಗಲೂ 50 ಲಕ್ಷ ಡಾಲರ್ ಬೆಲೆಯ ಷೇರುಗಳಿರುತ್ತವೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ನಮ್ಮ ಗಾದೆ ಮದುವೆ ದಲ್ಲಾಳಿಗೆ ಕೊಡುವ ಸಲಿಗೆ ದೊಡ್ಡದು. ಆದರೆ ಅವನು ದಲ್ಲಾಳಿ ಎಂಬುದು ಎರಡೂ ಮನೆಯವರಿಗೆ ಗೊತ್ತು. ಹುಡುಗನ ಕಡೆ ವಿಚಾರಿಸಿಕೊಂಡು ಬರಲು ಮನೆಯವರು ಸೋದರಮಾವನನ್ನು ಕಳಿಸುತ್ತಾರೆ, ದಲ್ಲಾಳಿಯನ್ನಲ್ಲ. ಸ್ಪಾಕ್‌ನಲ್ಲಿ ಸೋದರಮಾವನೂ ದಲ್ಲಾಳಿಯೂ ಒಬ್ಬನೇ.

ಇನ್ನೂ ಚಿಕ್ಕ ಚಿಕ್ಕ ವ್ಯವಹಾರಗಳಿವೆ, ನನಗೆ ಹೆಚ್ಚು ಕುತೂಹಲ ಇವುಗಳ ಮೇಲೆ. ಪ್ರಾಯೋಜಕರಿಗೆ ಸಂಬಂಧಿಸಿದ ಸಂಸ್ಥೆಯೊಂದು ಸ್ಪಾಕ್‌ಗೆ ಕಚೇರಿಯ ಜಾಗ ಕೊಡುತ್ತದೆ. ಅದಕ್ಕೆ ತಿಂಗಳಿಗೆ 10,000 ಡಾಲರ್ ಎಂದು ಎಷ್ಟೋ ಪ್ರಾಸ್ಪೆಕ್ಟಸ್‌ಗಳಲ್ಲಿ ಕಾಣುತ್ತದೆ. ಎಡಗೈ ಬಲಗೈಗೆ ಕೊಡುವ ಬಾಡಿಗೆ. ಇನ್ನು ಸಾಲ. ಖರ್ಚಿಗೆ ಹಣ ಸಾಲದಾದಾಗ ಪ್ರಾಯೋಜಕರೇ ಕಂಪನಿಗೆ ಬಡ್ಡಿಯಿಲ್ಲದ ಕೈಸಾಲ ಕೊಡುವುದುಂಟು. ಅವಧಿ ಮುಗಿಯುತ್ತಾ ಬಂದು ಗಡುವನ್ನು ಮುಂದೂಡಬೇಕಾದರೆ ಟ್ರಸ್ಟ್ ಖಾತೆಗೆ ಇನ್ನಷ್ಟು ಹಣ ತುಂಬುವುದೂ ಹಲವು ಕಡೆ ಅವರೇ. ನೋಡಿದರೆ ಔದಾರ್ಯ. ಆದರೆ ಆ ಸಾಲ ವಿಲೀನವಾದರೆ ತೀರುತ್ತದೆ, ಇಲ್ಲವೇ ವಾರಂಟ್‌ಗಳಾಗಿ ಮಾರ್ಪಡುತ್ತದೆ; ವಿಲೀನವಾಗದಿದ್ದರೆ ಟ್ರಸ್ಟ್ ಹಣವನ್ನು ಮುಟ್ಟುವಂತಿಲ್ಲವಾದ್ದರಿಂದ ಮುಳುಗಿದಂತೆಯೇ. ಹಾಗಾಗಿ ಗಡುವು ಹತ್ತಿರವಾದಷ್ಟೂ, ಸಾಲ ಬೆಳೆದಷ್ಟೂ, ‘ಈ ಕಂಪನಿ ಬೇಡ’ ಎನ್ನುವ ಶಕ್ತಿ ಪ್ರಾಯೋಜಕರಲ್ಲಿ ಕುಗ್ಗುತ್ತದೆ. ಇದಕ್ಕೆ ಯಾರೂ ಕೆಟ್ಟವರಾಗಬೇಕಾಗಿಲ್ಲ. ಸಂಸಾರಸ್ಥ, ಸಭ್ಯ, ಲೆಕ್ಕ ತಿಳಿದ ಮನುಷ್ಯನೊಬ್ಬ ಆ ಜಾಗದಲ್ಲಿ ಕೂತರೂ ಸಾಧಾರಣ ಕಂಪನಿಯೊಂದು ಅವನ ಕಣ್ಣಿಗೆ ದಿನದಿನಕ್ಕೆ ಚೆಂದ ಕಾಣತೊಡಗುತ್ತದೆ.

ಇದಕ್ಕೆ ವಕೀಲರ ಬಳಿ ಸಿದ್ಧ ಉತ್ತರವಿದೆ: ಎಲ್ಲವನ್ನೂ ಬರೆದೇ ಇತ್ತಲ್ಲ. ಹೌದು, ಬರೆದಿರುತ್ತದೆ. 25,000 ಡಾಲರ್, ಬಾಡಿಗೆ, ಸಾಲ, ‘ನಮ್ಮ ಹಿತಾಸಕ್ತಿ ನಿಮ್ಮದಕ್ಕಿಂತ ಬೇರೆಯಾಗಿರಬಹುದು’ ಎಂಬ ಸಾಲು ಕೂಡ. ಓದಿ ಒಪ್ಪಿ ಹಣ ಹಾಕಿದ ಮೇಲೆ ದೂರು ಯಾಕೆ? ಬೇಡವಾದರೆ 10 ಡಾಲರ್ ತೆಗೆದುಕೊಂಡು ಹೋಗಬಹುದಿತ್ತಲ್ಲ?

ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಬೆಳೆದ ಮನುಷ್ಯರು ಕಣ್ಣು ತೆರೆದು ಮಾಡಿದ ಒಪ್ಪಂದಕ್ಕೆ ಗೌರವವಿರಬೇಕು. ಆದರೆ ನಾನು ಒಪ್ಪಿದ್ದು ಏನನ್ನು? ಇವರಿಗೆ ಬೇರೆ ಆಸೆಯಿದೆ ಎಂಬುದನ್ನು. ಆ ಆಸೆಯ ಒತ್ತಡದಲ್ಲಿ ಅವರು ನಾಳೆ ಏನನ್ನು ನನ್ನಿಂದ ಮರೆಮಾಡುತ್ತಾರೆ ಎಂಬುದನ್ನು ನಾನು ಒಪ್ಪಿಲ್ಲ. ಒಪ್ಪಲು ಅದು ನನಗೆ ಗೊತ್ತೇ ಇಲ್ಲ.

ಡೆಲವೇರ್‌ನ ಚಾನ್ಸರಿ ನ್ಯಾಯಾಲಯಕ್ಕೆ ಬಂದ ಒಂದು ಮೊಕದ್ದಮೆ ಇದೇ ಜಾಗದಲ್ಲಿ ನಿಂತಿತ್ತು. ಚರ್ಚಿಲ್ ಕ್ಯಾಪಿಟಲ್ ಕಾರ್ಪ್ 3 ಎಂಬ ಸ್ಪಾಕ್ 2020ರಲ್ಲಿ 110 ಕೋಟಿ ಡಾಲರ್ ಎತ್ತಿ, ಅದೇ ವರ್ಷ ಮಲ್ಟಿಪ್ಲಾನ್ ಎಂಬ ಕಂಪನಿಯೊಂದಿಗೆ ವಿಲೀನವಾಯಿತು. ಪ್ರಾಯೋಜಕರ 25,000 ಡಾಲರ್ ಷೇರುಗಳ ಬೆಲೆ ವಿಲೀನದ ಹೊತ್ತಿಗೆ ಸುಮಾರು 30 ಕೋಟಿ ಡಾಲರ್. ಮಲ್ಟಿಪ್ಲಾನ್‌ನ ಅತಿ ದೊಡ್ಡ ಗಿರಾಕಿಯಾದ ಯುನೈಟೆಡ್‌ಹೆಲ್ತ್ ಅದೇ ಕೆಲಸಕ್ಕೆ ತನ್ನದೇ ವ್ಯವಸ್ಥೆ ಕಟ್ಟುತ್ತಿರುವುದನ್ನು ಹೂಡಿಕೆದಾರರಿಗೆ ತಿಳಿಸಲಿಲ್ಲ ಎಂಬುದು ದೂರು. ಹಣ ವಾಪಸು ಕೇಳಿದವರು ಶೇಕಡಾ 10ಕ್ಕಿಂತ ಕಡಿಮೆ. 2022ರ ಜನವರಿಯಲ್ಲಿ ನ್ಯಾಯಾಧೀಶೆ ಲೋರಿ ವಿಲ್ ಮೊಕದ್ದಮೆಯನ್ನು ವಜಾ ಮಾಡಲು ಒಪ್ಪಲಿಲ್ಲ. ಹಣ ಹಿಂಪಡೆಯುವ ಹಕ್ಕು ಇದ್ದರೆ ಸಾಲದು, ಅದನ್ನು ಬಳಸಲು ಬೇಕಾದ ಮಾಹಿತಿಯೂ ಸಿಗಬೇಕು ಎಂಬ ನೆಲೆಯಲ್ಲಿ ಅವರ ತೀರ್ಪು ನಿಂತಿತ್ತು. ಪೂರ್ಣ ವಿಚಾರಣೆಗೆ ಮುನ್ನವೇ 3.375 ಕೋಟಿ ಡಾಲರಿಗೆ ರಾಜಿಯಾಯಿತು. ಆದ್ದರಿಂದ ಯಾರು ತಪ್ಪಿತಸ್ಥರೆಂದು ನಾನು ಹೇಳಲಾರೆ.

ಬಾಗಿಲು ತೆರೆದಿದೆ ಎನ್ನುವ ಮಾತಿನಲ್ಲಿ ಇನ್ನೊಂದು ತೊಡಕಿದೆ. ನಮ್ಮ ಉದಾಹರಣೆಯಲ್ಲಿ ಅರ್ಧದಷ್ಟು ಜನ ಹಣ ಹಿಂಪಡೆದರೆ ಟ್ರಸ್ಟ್‌ನಲ್ಲಿ 5 ಕೋಟಿ ಉಳಿಯುತ್ತದೆ, ಪ್ರಾಯೋಜಕರ 25 ಲಕ್ಷ ಷೇರು ಕಡಿಮೆಯಾಗುವುದಿಲ್ಲ. ಉಳಿದ 75 ಲಕ್ಷ ಷೇರುಗಳ ಹಿಂದೆ ತಲಾ 6 ಡಾಲರ್ 67 ಸೆಂಟ್ ನಗದು. ಬ್ಯಾಂಕುಗಳ ಶುಲ್ಕ ಕಳೆದರೆ ಇನ್ನೂ ಕಡಿಮೆ. ಕ್ಲಾಸ್ನರ್, ಓಲ್‌ರೋಗಿ ಮತ್ತು ರುವಾನ್ ಎಂಬ ವಿದ್ವಾಂಸರು 2019–20ರ ವಿಲೀನಗಳನ್ನು ಲೆಕ್ಕ ಹಾಕಿದಾಗ ನಡುಮಟ್ಟದ ಸ್ಪಾಕ್‌ನಲ್ಲಿ ಷೇರಿಗೆ ಉಳಿದಿದ್ದ ನಗದು 5 ಡಾಲರ್ 70 ಸೆಂಟ್. ಹೊರಗೆ ಹೋಗುವವರಲ್ಲಿ ಹೆಚ್ಚಿನವರು ದೊಡ್ಡ ನಿಧಿಗಳು. ಅವು 10 ಡಾಲರ್ ಹಿಂಪಡೆದೂ ಜೊತೆಗೆ ಬಂದ ವಾರಂಟ್‌ಗಳನ್ನು ಇಟ್ಟುಕೊಳ್ಳುತ್ತವೆ. ಉಳಿಯುವವರು ಮಾತನ್ನು ನಂಬಿದವರು. ನಂಬಿದವನಿಗೇ ಬಿಲ್ಲು ಬರುವ ಊಟ ಇದು.

ಬೆಂಗಳೂರಿನ ಜೂಮ್‌ಕಾರ್ ಕೂಡ 2023ರ ಡಿಸೆಂಬರ್‌ನಲ್ಲಿ ಇದೇ ದಾರಿಯಿಂದ ನಾಸ್ಡಾಕ್ ತಲುಪಿತು. ವರ್ಷ ತುಂಬುವ ಮೊದಲೇ ಷೇರು ಒಂದು ಡಾಲರಿಗಿಂತ ಕೆಳಗಿತ್ತು. ಅದು ಕಂಪನಿಯ ವ್ಯಾಪಾರದ ಫಲವೋ, ದಾರಿಯ ಫಲವೋ ಎಂದು ಬೇರ್ಪಡಿಸುವುದು ಕಷ್ಟ.

2024ರ ಜನವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಹೊಸ ನಿಯಮ ತಂದರು. ಪ್ರಾಯೋಜಕರಿಗೆ ಸಿಗುವ ಪ್ರತಿಫಲವನ್ನೂ ಉಳಿದವರ ಪಾಲು ಎಷ್ಟು ತೆಳುವಾಗುತ್ತದೆ ಎಂಬುದನ್ನೂ ಸ್ಪಷ್ಟವಾಗಿ ತೋರಿಸಬೇಕು. ಒಳ್ಳೆಯದೇ. ಆದರೆ ಶೇಕಡಾ 20ರ ರೂಢಿಗೆ ಅದು ಕೈ ಹಚ್ಚಲಿಲ್ಲ.

ಹಾಗಾದರೆ ಬೇಡ ಎಂದವರೇ ಇಲ್ಲವೇ? ಬಿಲ್ ಆಕ್‌ಮನ್ ಎಂಬ ಹೂಡಿಕೆದಾರ 2020ರಲ್ಲಿ 400 ಕೋಟಿ ಡಾಲರಿನ ಸ್ಪಾಕ್ ಕಟ್ಟಿದಾಗ ಆ ಶೇಕಡಾ 20ನ್ನು ತೆಗೆದುಕೊಳ್ಳಲಿಲ್ಲ. ಬದಲಿಗೆ ಸುಮಾರು 6.5 ಕೋಟಿ ಡಾಲರ್ ಕೊಟ್ಟು ವಾರಂಟ್ ಕೊಂಡರು. ಯೂನಿವರ್ಸಲ್ ಮ್ಯೂಸಿಕ್ ಜೊತೆ ಹೊಂದಿಸಿದ್ದ ವ್ಯವಹಾರ ನಿಯಂತ್ರಕರ ಆಕ್ಷೇಪದಿಂದ ಬಿದ್ದುಹೋಯಿತು. ಗಡುವು ಸಮೀಪಿಸಿತು, ಯೋಗ್ಯ ಕಂಪನಿ ಸಿಗಲಿಲ್ಲ. 2022ರ ಜುಲೈನಲ್ಲಿ ಅವರು 400 ಕೋಟಿಯನ್ನೂ ಹಿಂತಿರುಗಿಸಿದರು. ಅವರನ್ನು ಸಂತ ಎನ್ನುತ್ತಿಲ್ಲ. ಹೆಸರಿನ ಆಸೆಯೂ ಇದ್ದೀತು. ವಾರಂಟ್‌ಗಳಿಗೆ ಕೊಟ್ಟ ಹಣವಂತೂ ಹೋಯಿತು.