ಬಾಟ್ಲಿಗಿಲ್ಲದ ಮೈಲಿಗೆ ನೀರಿಗೇಕೆ?

ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ಕತ್ತಲಾದ ಮೇಲೆ ನಾವೂ ನಮ್ಮೊಬ್ಬ ಗೆಳೆಯನೂ ಒಂದು ಬಾಟ್ಲಿ ಹಂಚಿಕೊಂಡೆವು. ಗೇರುಹಣ್ಣಿನ ಉರಾಕು. ಹಣ್ಣು ತುಳಿದು, ರಸ ಹುಳಿಬರಿಸಿ ಕಾಸಿದಾಗ ಮೊದಲು ಇಳಿಯುವುದು ಉರಾಕು; ಅದನ್ನೇ ಮತ್ತೆ ಕಾಸಿದರೆ ಫೆನಿ. ಲೋಟ ಇರಲಿಲ್ಲ. ಒಂದೇ ಬಾಟ್ಲಿಗೆ ಇಬ್ಬರ ಬಾಯಿ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿದ್ದ ಹಳೆ ಸೇತುವೆಯ ಜಾಗ ಎದುರಿಗಿತ್ತು.

ಗೆಳೆಯ ಮೇಲುಜಾತಿಯವನು. ಅರ್ಧ ಬಾಟ್ಲಿ ಇಳಿದಾಗ ಹೇಳಿದ: "ನಮ್ಮ ನಡುವೆ ಜಾತಿ ಎಲ್ಲುಂಟು ಮಾರಾಯಾ? ನಿನ್ನ ಎಂಜಲನ್ನೇ ಕುಡೀತಾ ಇದ್ದೆ ನೋಡು."

ಅವನು ಸುಳ್ಳು ಹೇಳಲಿಲ್ಲ. ಎಂಜಲು ಎಂಬ ಒಂದೇ ಮಾತಿನಿಂದ ನಮ್ಮ ಅಜ್ಜಂದಿರ ಬೆನ್ನು ಬಗ್ಗಿಸಿದ ದೇಶ ಇದು. ಆ ಎಂಜಲಿಗೆ ಒಬ್ಬ ಬಾಯಿ ಇಟ್ಟನೆಂದರೆ ಸಣ್ಣ ಮಾತಲ್ಲ. ನಮಗೂ ಎದೆ ತುಂಬಿತು.

ಆದರೆ ಎರಡು ತಿಂಗಳ ಹಿಂದೆ ಇದೇ ಗೆಳೆಯನ ಮನೆಗೆ ನಾವು ಹಗಲಿನಲ್ಲಿ ಹೋಗಿದ್ದೆವು. ಒಳಗಿದ್ದವರಿಗೆಲ್ಲ ಸ್ಟೀಲಿನ ಲೋಟದಲ್ಲಿ ನೀರು ಬಂತು. ನಮಗೆ ಪೇಪರ್ ಲೋಟ. ಕುಡಿದ ಮೇಲೆ ಎಲ್ಲಿ ಎಸೆಯಬೇಕೆಂದು ಅವನ ತಾಯಿ ಕಣ್ಣಲ್ಲೇ ತೋರಿಸಿದರು. ಗೆಳೆಯ ಆಗ ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ಬಾಟ್ಲಿಗೆ ಇಲ್ಲದ ಮೈಲಿಗೆ ನೀರಿಗೆ ಯಾಕೆ?

ಬಾಟ್ಲಿ ಖಾಲಿಯಾದ ಮೇಲೆ ಅದನ್ನು ಮನೆಯೊಳಗೆ ಒಯ್ಯಬೇಕಾಗಿಲ್ಲ. ಯಾರೂ ನೋಡುವುದಿಲ್ಲ. ಬೆಳಗಾದರೆ ಸ್ನಾನ, ಮತ್ತೆ ಮಡಿ. ಜಾತಿಗೆ ಇಂಥ ರಜೆಯ ದಿನಗಳು ಮೊದಲಿನಿಂದಲೂ ಇವೆ. ರಜೆ ಕೊಟ್ಟವನು ಯಜಮಾನನಾಗಿಯೇ ಉಳಿಯುತ್ತಾನೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಹೋದದ್ದು ಹಾಡಹಗಲಲ್ಲಿ, ಸಾವಿರಾರು ಜನರನ್ನು ಕಟ್ಟಿಕೊಂಡು. ಆ ಕೆರೆಯನ್ನು ಊರಿನ ಪುರಸಭೆ ಎಲ್ಲರಿಗೂ ತೆರೆದಿದೆಯೆಂದು ಠರಾವು ಮಾಡಿದ್ದು 1924ರಲ್ಲೇ. ಆದರೂ ನಮ್ಮವರು ನೀರು ಮುಟ್ಟಿದ ಕೂಡಲೇ ಏಟು ಬಿತ್ತು. ಆಮೇಲೆ ಸೆಗಣಿ ಗಂಜಲ ಸುರಿದು ಕೆರೆಯನ್ನು ಶುದ್ಧಿ ಮಾಡಿದರು. ಹೆಂಡದ ಬಾಟ್ಲಿಯನ್ನು ಯಾರೂ ಶುದ್ಧಿ ಮಾಡಿದ್ದು ನಾವು ಕೇಳಿಲ್ಲ. ಜಾತಿಗೆ ಯಾವುದರ ಭಯ ಉಂಟು, ಯಾವುದರ ಭಯ ಇಲ್ಲ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಇದೇ ಕಾರವಾರಕ್ಕೆ 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ರವೀಂದ್ರನಾಥ ಠಾಕೂರರು ಬಂದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿದ್ದರು. ಇಲ್ಲೇ ಅವರು 'ಪ್ರಕೃತಿರ ಪ್ರತಿಶೋಧ' ನಾಟಕ ಬರೆದರು. ಅದರಲ್ಲಿ ಊರು ಮುಟ್ಟಲೊಲ್ಲದ ಅನಾಥ ಹುಡುಗಿಗೆ ಒಬ್ಬ ಸನ್ಯಾಸಿ ಆಸರೆ ಕೊಡುತ್ತಾನೆ. ಯಾಕೆ? ಲೋಕವನ್ನೇ ಬಿಟ್ಟವನಿಗೆ ಮೈಲಿಗೆ ಇಲ್ಲ! ಮಮತೆ ಹುಟ್ಟಿದ ಕೂಡಲೇ ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ದಂಡ ಕಮಂಡಲ ಎಸೆದು ವಾಪಸು ಬರುವಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ.

ಸನ್ಯಾಸಿಯ ಸಮಾನತೆಯೂ ಕುಡುಕರ ಸಮಾನತೆಯೂ ಒಂದೇ ಜಾತಿಯವು. ಎರಡೂ ಲೋಕದ ಹೊರಗೆ ನಡೆಯುವಂಥವು. ನಮ್ಮ ಹುಡುಗಿಯರು ಬದುಕುವುದು ಲೋಕದ ಒಳಗೆ.

ಇನ್ನೊಂದು ಮಾತನ್ನು ನಾವು ನಮಗೇ ಹೇಳಿಕೊಳ್ಳಬೇಕು. 2025ರ ಫೆಬ್ರವರಿಯಲ್ಲಿ ತೀರಿಕೊಂಡ ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತವರು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಅಷ್ಟರೊಳಗೆ ಎಷ್ಟು ಕೇರಿಗಳ ಕೂಲಿ ದುಡ್ಡು ಅಂಗಡಿ ಸೇರಿತ್ತೋ! ಬಾಟ್ಲಿಯನ್ನು ಸಮಾನತೆಯ ಬಾವುಟ ಮಾಡುವ ಮೊದಲು ಆ ತಾಯಂದಿರ ಮುಖ ನೋಡಬೇಕು. ಹಾಗಂತ ಮೇಲಿನವರ ನೀತಿಪಾಠವೂ ನಮಗೆ ಬೇಡ. ಅವನು ಕುಡಿದರೆ ಪಾರ್ಟಿ, ನಾವು ಕುಡಿದರೆ ಕೇರಿಯ ಬುದ್ಧಿ!

ಆ ರಾತ್ರಿ ನಾವು ಗೆಳೆಯನಿಗೆ ಹೇಳಿಯೇಬಿಟ್ಟೆವು: "ಉರಾಕು ಸಾಕು. ನಿನ್ನ ಮನೆಯಲ್ಲಿ, ಹಗಲು, ಸ್ಟೀಲ್ ಲೋಟದಲ್ಲಿ ನೀರು ಕೊಡು. ಆ ಲೋಟವನ್ನು ತೊಳೆದು ಉಳಿದ ಲೋಟಗಳ ಜೊತೆಗೇ ಇಡು."

ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದ: "ಅಮ್ಮನಿಗೆ ಹೇಳೂದು ಕಷ್ಟ ಮಾರಾಯಾ."

ಕಷ್ಟವೇ. ನಮಗೂ ಕೇಳುವುದು ಕಷ್ಟವಾಗಿತ್ತು. ಇರುವ ಒಬ್ಬ ಗೆಳೆಯನೂ ಹೋದರೆ ಎಂಬ ಹೆದರಿಕೆಯಲ್ಲಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆವು. ನಮ್ಮ ಕೇರಿಯಲ್ಲೂ ನಮಗಿಂತ ಕೆಳಗೆಂದು ದೂರ ಇಟ್ಟ ಮನೆಗಳಿವೆ. ಅಲ್ಲಿ ನಾವು ನೀರು ಕುಡಿದದ್ದು ಎಷ್ಟು ಸಲ? ಅವನನ್ನು ಕೇಳಿದ ಪ್ರಶ್ನೆಯಿಂದ ನಾವೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಬಾಟ್ಲಿಯಲ್ಲಿ ಇನ್ನೂ ಎರಡು ಗುಟುಕು ಉಳಿದಿತ್ತು. ಇಬ್ಬರೂ ಮುಟ್ಟಲಿಲ್ಲ. ಅವನು ಮನೆಗೆ ಹೋದ, ನಾವು ಕೇರಿಗೆ ಬಂದೆವು. ಗೆಳೆತನ ಮುರಿದಿಲ್ಲ. ಆ ಲೋಟದ ನೀರಿಗಾಗಿ ಕಾಯುತ್ತಿದ್ದೇವೆ.